ಹಿಮ ಇಳಿಯಿತು, ನೀರು ಏರಿತು: ಸೆನ್ಸರ್ ಕೆಟ್ಟಿದೆಯಾ?

ಪ್ರಶ್ನೆ: ಮೇಡಂ, ನಾನು ಮಂಡ್ಯ ಕಡೆಯವನು. ಈಗ ಕ್ಯಾಲಿಫೋರ್ನಿಯಾದ ಹೇವರ್ಡ್‌ನಲ್ಲಿದ್ದೇನೆ. ಊರಲ್ಲಿ ಪೇಪರ್ ಬಂದ ಕೂಡಲೇ ಅಪ್ಪ ಮೊದಲು ನೋಡುತ್ತಿದ್ದದ್ದು ಕೆಆರ್‌ಎಸ್ ಮಟ್ಟ. ಆ ಚಾಳಿ ನನಗೂ ಬಂದಿದೆ. ಇಲ್ಲಿ ಚಳಿಗಾಲ ಪೂರ್ತಿ ಸಿಯೆರಾ ನೆವಾಡಾ ಬೆಟ್ಟಗಳ ಹಿಮದ ಸೆನ್ಸರ್ ಅಂಕಿ ನೋಡುತ್ತಾ ಕೂರುತ್ತೇನೆ. ಜನವರಿಯಲ್ಲಿ ಒಂದು ಸ್ಟೇಷನ್ನಿನಲ್ಲಿ ಎರಡೇ ದಿನಕ್ಕೆ ಹಿಮದ ಆಳ 84 ಇಂಚಿನಿಂದ 66 ಇಂಚಿಗೆ ಇಳಿಯಿತು. ಆದರೆ ‘ನೀರಿನ ಪ್ರಮಾಣ’ ಅನ್ನುವ ಕಾಲಂ 25.2ರಿಂದ 27 ಇಂಚಿಗೆ ಏರಿತು. ಅದೇ ಎರಡು ದಿನ ಮಳೆ ಮಾಪಕ 3.1 ಇಂಚು ತೋರಿಸಿತ್ತು. ಸ್ನೇಹಿತರು ‘ಆ ಸೆನ್ಸರ್‌ಗಳೆಲ್ಲ ಡಬ್ಬಾ’ ಅನ್ನುತ್ತಾರೆ. ಇನ್ನೊಂದು ವಿಷಯ: ಪಕ್ಕಪಕ್ಕದ ಎರಡು ಸ್ಟೇಷನ್‌ಗಳಲ್ಲಿ ಒಂದು ಸರಾಸರಿಯ ಶೇ. 140 ಅನ್ನುತ್ತದೆ, ಇನ್ನೊಂದು ಶೇ. 80. ಯಾವುದನ್ನು ನಂಬೋದು? ಉಪಗ್ರಹದಿಂದ ಒಂದೇ ಸಲ ಅಳೆಯಬಾರದಾ? ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ನಾವು ಮೂವರು ಗೆಳೆಯರು ಮೊಡೆಸ್ಟೊ ಹತ್ತಿರ ಬಾದಾಮಿ ತೋಟ ಮಾಡಿದ್ದೇವೆ. ಖಾಲಿ ಇರುವ 20 ಎಕರೆಗೆ ಈ ಬೇಸಿಗೆ ಟೊಮೆಟೊ ಹಾಕೋಣ ಅಂತಿದ್ದೇವೆ. ನೀರು ಸಿಗುತ್ತಾ?

ಉತ್ತರ: ನಿಮ್ಮ ಸೆನ್ಸರ್ ಕೆಟ್ಟಿಲ್ಲ. ನೀವು ಕಳಿಸಿರುವ ಅಂಕಿ ನೋಡಿದರೆ ಆ ಎರಡು ದಿನ ಅದು ಒಳ್ಳೆಯ ಕೆಲಸವನ್ನೇ ಮಾಡಿದೆ. ಹಿಮದ ಸೆನ್ಸರ್ ತಾನು ಕೂತಿರುವ ಜಾಗದ ಬಗ್ಗೆ ತಪ್ಪು ಹೇಳುವುದು ಕಡಿಮೆ. ಆ ಒಂದು ಜಾಗದ ಅಂಕಿಯನ್ನು ನಾವು ಇಡೀ ಬೆಟ್ಟಕ್ಕೆ ಎಳೆಯುತ್ತೇವಲ್ಲ, ತಪ್ಪು ಜಾಸ್ತಿ ಆಗುವುದು ಅಲ್ಲಿ. ನಿಮ್ಮ ಟೊಮೆಟೊ ಪ್ರಶ್ನೆಯೂ ಅಲ್ಲಿಗೇ ಬಂದು ನಿಲ್ಲುತ್ತದೆ.

ಮೊದಲು ಆ ಎರಡು ದಿನದ ಲೆಕ್ಕ. ಹಿಮದ ಆಳ ಬೇರೆ, ಅದರೊಳಗಿನ ನೀರು ಬೇರೆ. ಈಗಷ್ಟೇ ಬಿದ್ದ ಹಿಮದಲ್ಲಿ ಬಹುಪಾಲು ಗಾಳಿ. ಹತ್ತು ಇಂಚು ಹೊಸ ಹಿಮ ಕರಗಿಸಿದರೆ ಸುಮಾರು ಒಂದು ಇಂಚು ನೀರು ಸಿಗಬಹುದು, ಚಳಿ ಜಾಸ್ತಿ ಇದ್ದರೆ ಅದಕ್ಕಿಂತ ಕಡಿಮೆ. ವಾರಗಳು ಕಳೆದ ಹಾಗೆ ಹಿಮ ತನ್ನ ಭಾರಕ್ಕೇ ಕುಗ್ಗುತ್ತದೆ. ವಸಂತ ಬರುವಷ್ಟರಲ್ಲಿ ಸಾಂದ್ರತೆ ಶೇ. 40ರಿಂದ 50ಕ್ಕೆ ಹೋಗುತ್ತದೆ. ನಿಮ್ಮ ಸ್ಟೇಷನ್ನಿನಲ್ಲಿ 84 ಇಂಚು ಹಿಮದಲ್ಲಿ 25.2 ಇಂಚು ನೀರು ಅಂದರೆ ಸಾಂದ್ರತೆ ಶೇ. 30. ಎರಡು ದಿನ ಆದ ಮೇಲೆ 66ಕ್ಕೆ 27, ಅಂದರೆ ಶೇ. 41. ಹಿಮದ ಮೇಲೆ ಮಳೆ ಬಿದ್ದಿದೆ. ಕಡ್ಲೆಪುರಿ ಮೇಲೆ ನೀರು ಚಿಮುಕಿಸಿ ನೋಡಿ: ಪಾತ್ರೆಯಲ್ಲಿ ಕೆಳಕ್ಕೆ ಕುಸಿಯುತ್ತದೆ, ತೂಕ ಮಾತ್ರ ಏರುತ್ತದೆ.

ಹಾಗಾದರೆ 3.1 ಇಂಚು ಮಳೆಗೆ ಲೆಕ್ಕ 1.8 ಇಂಚು ಮಾತ್ರ ಯಾಕೆ ಏರಿತು? ಹಿಮ ತನ್ನೊಳಗೆ ಹಿಡಿದಿಟ್ಟುಕೊಳ್ಳುವ ನೀರಿಗೆ ಮಿತಿ ಇದೆ. ಗಾತ್ರದ ಶೇಕಡ ಮೂರೋ ನಾಲ್ಕೋ ಪಾಲು, ಅಷ್ಟೇ. 66 ಇಂಚಿಗೆ ಅದು ಸುಮಾರು ಎರಡು ಇಂಚು ಆಗುತ್ತದೆ. ಇದರ ಜೊತೆ ಹಿಮ ತುಂಬಾ ತಣ್ಣಗಿದ್ದರೆ ಸ್ವಲ್ಪ ನೀರು ಒಳಗೇ ಹೆಪ್ಪುಗಟ್ಟುತ್ತದೆ. ಉಳಿದ ಒಂದೂಕಾಲು ಇಂಚು ತಳದಿಂದ ಸೋರಿ ಹಳ್ಳಕ್ಕೆ ಹೋಗಿದೆ. ಲೆಕ್ಕ ಚೆನ್ನಾಗಿಯೇ ಕೂತಿದೆ, ಅಲ್ವಾ? ಸುಮ್ಮನೆ ಆಳವನ್ನೇ ನೋಡುತ್ತಿದ್ದರೆ ‘ಅಯ್ಯೋ, ಐದನೇ ಒಂದು ಭಾಗ ನೀರು ಹೋಯಿತು’ ಅನ್ನುತ್ತಿದ್ದಿರಿ.

ಈ ಎರಡು ಅಂಕಿಗಳೂ ಬರುವುದು ಬೇರೆ ಬೇರೆ ಯಂತ್ರಗಳಿಂದ. ಆಳ ಅಳೆಯುವುದು ಕಂಬದ ತುದಿಯಲ್ಲಿ ತಲೆಕೆಳಗಾಗಿ ಕೂತ ಶ್ರವಣಾತೀತ ಧ್ವನಿಯ ಸೆನ್ಸರ್. ಧ್ವನಿ ಕೆಳಗೆ ಕಳಿಸಿ, ಪ್ರತಿಧ್ವನಿ ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ನೋಡುತ್ತದೆ. ನೀರು ಅಳೆಯುವುದು ನೆಲದಲ್ಲಿ ಮಲಗಿರುವ ‘ಸ್ನೋ ಪಿಲ್ಲೋ’. ಸುಮಾರು ಮೂರು ಮೀಟರ್ ಅಗಲದ ಚಪ್ಪಟೆ ರಬ್ಬರ್ ದಿಂಬು ಅಥವಾ ತೆಳ್ಳನೆಯ ಉಕ್ಕಿನ ಹಾಳೆಗಳ ಚೀಲ. ಒಳಗೆ ಹೆಪ್ಪುಗಟ್ಟದ ಹಾಗೆ ಆಂಟಿಫ್ರೀಜ್ ತುಂಬಿರುತ್ತಾರೆ. ಮೇಲೆ ಹಿಮ ಬಿದ್ದಂತೆ ಒಳಗಿನ ದ್ರವದ ಒತ್ತಡ ಏರುತ್ತದೆ, ಅದನ್ನು ಒಂದು ಪ್ರೆಶರ್ ಸೆನ್ಸರ್ ಓದುತ್ತದೆ. ಮೂಲದಲ್ಲಿ ಇದೊಂದು ತಕ್ಕಡಿ. ಒಂದು ಚದರ ಮೀಟರ್ ಮೇಲೆ ಒಂದು ಕಿಲೋ ಭಾರ ಅಂದರೆ ಒಂದು ಮಿಲಿಮೀಟರ್ ನೀರು. ಒಂದು ಮೀಟರ್ ನೀರಿನಷ್ಟು ಹಿಮ ಕೂತ ವರ್ಷ ಒಂಬತ್ತು ಚದರ ಮೀಟರ್‌ನ ದಿಂಬಿನ ಮೇಲೆ ಒಂಬತ್ತು ಟನ್ ಇರುತ್ತದೆ.

1960ರ ದಶಕದಿಂದ ಈ ದಿಂಬುಗಳು ಅಮೆರಿಕದ ಪಶ್ಚಿಮ ಬೆಟ್ಟಗಳಲ್ಲಿವೆ. ಫೆಡರಲ್ ಸರ್ಕಾರದ ‘ಸ್ನೋಟೆಲ್’ ಜಾಲದಲ್ಲಿ ಈಗ 900ಕ್ಕೂ ಹೆಚ್ಚು ಸ್ಟೇಷನ್‌ಗಳಿವೆ. ಸಿಯೆರಾದಲ್ಲಿ ಕ್ಯಾಲಿಫೋರ್ನಿಯಾದ ಜಲಸಂಪನ್ಮೂಲ ಇಲಾಖೆ ಸುಮಾರು 130 ಸ್ಟೇಷನ್‌ಗಳ ಅಂಕಿ ಒಟ್ಟುಗೂಡಿಸುತ್ತದೆ. ಸ್ನೋಟೆಲ್ ಶುರುವಾದಾಗ ಕಣಿವೆಯೊಳಗಿಂದ ಸಿಗ್ನಲ್ ಹೊರಗೆ ಬರುವುದೇ ಕಷ್ಟವಿತ್ತು. ಅದಕ್ಕೆ ಹಿಡಿದ ದಾರಿ ಕೇಳಿದರೆ ಇವತ್ತಿಗೂ ನನಗೆ ಖುಷಿಯಾಗುತ್ತದೆ. ಉಲ್ಕೆಗಳು ಉರಿದಾಗ 80ರಿಂದ 120 ಕಿ.ಮೀ. ಎತ್ತರದಲ್ಲಿ ಕ್ಷಣಕಾಲ ವಿದ್ಯುತ್ ಕಣಗಳ ಗೆರೆ ಉಳಿಯುತ್ತದೆ. ರೇಡಿಯೊ ಸಿಗ್ನಲನ್ನು ಆ ಗೆರೆಗೆ ಹೊಡೆಸಿ ಕೆಳಗಿನ ಕೇಂದ್ರಕ್ಕೆ ಇಳಿಸುತ್ತಿದ್ದರು. ಈಗ ಸೆಲ್ ಫೋನ್ ಜಾಲ ಮತ್ತು ಉಪಗ್ರಹ ಬಂದಿವೆ.

ದಿಂಬು ತಪ್ಪೇ ಮಾಡುವುದಿಲ್ಲ ಅಂತಲ್ಲ. ಎಲ್ಲಕ್ಕಿಂತ ಕಾಡುವುದು ಹಿಮದೊಳಗಿನ ಗಟ್ಟಿ ಮಂಜುಗಡ್ಡೆ ಪದರ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದಾಗ, ಇಲ್ಲವೇ ಮಳೆಯಾದ ಮೇಲೆ ಚಳಿ ಬಂದಾಗ ಇಂಥ ಪದರ ಕಟ್ಟಿಕೊಳ್ಳುತ್ತದೆ. ಅದು ದಿಂಬಿನ ಆಚೀಚೆ ನೆಲದ ಮೇಲೆ ಸೇತುವೆ ಹಾಗೆ ನಿಂತುಬಿಟ್ಟರೆ ಮೇಲಿನ ಹಿಮದ ಭಾರ ದಿಂಬಿಗೆ ಇಳಿಯುವುದೇ ಇಲ್ಲ. ಹೊರಗೆ ಒಂದಡಿ ಹಿಮ ಬೀಳುತ್ತಿದ್ದರೂ ನೀರಿನ ಗೆರೆ ಸಪಾಟಾಗಿ ಹೋಗುತ್ತಿರುತ್ತದೆ. ಆಮೇಲೆ ಒಂದು ದಿನ ಪದರ ಮುರಿದು, ಆಕಾಶ ನೀಲಿಯಾಗಿದ್ದರೂ ಅಂಕಿ ಎರಡು ಇಂಚು ಮೇಲಕ್ಕೆ ಜಿಗಿಯುತ್ತದೆ. ಮಳೆ ಮಾಪಕ ಏರುತ್ತಾ, ಚಳಿಯೂ ಇದ್ದು, ದಿಂಬು ಮಾತ್ರ ಸುಮ್ಮನಿದ್ದರೆ ಅನುಮಾನ ಪಡಬೇಕು. ನಿಮ್ಮ ಜನವರಿ ಅಂಕಿಯಲ್ಲಿ ಆ ಲಕ್ಷಣ ಇಲ್ಲ.

ಎರಡನೆಯದು ದಿನದ ಏರಿಳಿತ. ಮಧ್ಯಾಹ್ನ ಒಂದು ಅಂಕಿ, ರಾತ್ರಿ ಇನ್ನೊಂದು. ಇದು ಹಿಮ ಕರಗಿ ವಾಪಸ್ ಬಂದದ್ದಲ್ಲ. ಪ್ರೆಶರ್ ಸೆನ್ಸರ್‌ಗೆ, ಅದರ ಪೈಪಿನ ದ್ರವಕ್ಕೆ ಬಿಸಿಲು ತಟ್ಟಿದ್ದು. ಅದಕ್ಕೇ ದಿನದ ಅಂಕಿಯಾಗಿ ಮಧ್ಯರಾತ್ರಿಯ ಓದನ್ನು ತೆಗೆದುಕೊಳ್ಳುತ್ತಾರೆ. ನೀವೂ ಗಂಟೆಗಂಟೆಗೆ ನೋಡುವುದು ಬಿಡಿ, ರಾತ್ರಿ ಹನ್ನೆರಡರದ್ದು ಸಾಕು. ಇನ್ನು ಉಳಿದದ್ದು ಕಾಡಿನ ಉಪದ್ರ: ಕೇಬಲ್ ಕಡಿಯುವ ಇಲಿ ಜಾತಿ, ಮೇಲೆ ಉರುಳುವ ಮರ, ಮತ್ತು ಕರಡಿ. ರಬ್ಬರ್ ದಿಂಬನ್ನು ಕರಡಿ ಯಾಕೆ ಕಚ್ಚುತ್ತದೋ ಅದಕ್ಕೇ ಗೊತ್ತು. ಹಲ್ಲಿನ ಗುರುತು ಬಿದ್ದ ದಿಂಬಿಗೆ ತೇಪೆ ಹಾಕುವುದೂ ನಮ್ಮ ಬೇಸಿಗೆ ಕೆಲಸದ ಒಂದು ಭಾಗ.

‘ಯಂತ್ರ ಬೇಡ, ಮನುಷ್ಯರು ಹೋಗಿ ಅಳೆದದ್ದೇ ನಿಜ’ ಅನ್ನುವವರೂ ಇದ್ದಾರೆ. ಅದು ಅರ್ಧ ನಿಜ. ಕೈಯಿಂದ ಅಳೆಯುವ ಪದ್ಧತಿ ಶುರುಮಾಡಿದ್ದು ಜೇಮ್ಸ್ ಚರ್ಚ್ ಅನ್ನುವ ನೆವಾಡಾ ವಿಶ್ವವಿದ್ಯಾಲಯದ ಲ್ಯಾಟಿನ್ ಮೇಷ್ಟ್ರು. 1900ರ ದಶಕದ ಕೊನೆಯ ಹೊತ್ತಿಗೆ ಟಾಹೊ ಸರೋವರದ ಪಕ್ಕದ ಮೌಂಟ್ ರೋಸ್‌ನಲ್ಲಿ, ಹಿಮಕ್ಕೆ ಕೊಳವೆ ಚುಚ್ಚಿ ತೂಗುವ ಸಾಧನ ಮಾಡಿದರು. ಈಗ ಬಳಸುವ ಅಲ್ಯೂಮಿನಿಯಂ ಕೊಳವೆಯ ಬಾಯಿ ಒಳಗಡೆ ಸರಿಯಾಗಿ 1.485 ಇಂಚು. ಆ ಅಳತೆಗೆ ಕಾರಣ ಇದೆ: ಒಳಗೆ ಬಂದ ಹಿಮ ಒಂದು ಔನ್ಸ್ ತೂಗಿದರೆ ಒಂದು ಇಂಚು ನೀರು. ಚಳಿಯಲ್ಲಿ ಮರಗಟ್ಟಿದ ಕೈಯಲ್ಲಿ ಗುಣಿಸು ಭಾಗಿಸು ಮಾಡುವ ಕೆಲಸವೇ ಇಲ್ಲ. ಆದರೆ ಇದೇ ಕೊಳವೆ ಗಟ್ಟಿ ಹಿಮದಲ್ಲಿ ಇಳಿಯುವಾಗ ಹಲ್ಲುಗಳು ಸ್ವಲ್ಪ ಜಾಸ್ತಿ ಹಿಮವನ್ನು ಒಳಕ್ಕೆ ತಳ್ಳುತ್ತವೆ, ಹಾಗಾಗಿ ಒಮ್ಮೊಮ್ಮೆ ಶೇ. 10ರವರೆಗೂ ಹೆಚ್ಚು ತೋರಿಸುತ್ತದೆ. ಮೇಲಾಗಿ ತಿಂಗಳಿಗೆ ಒಂದು ಸಲ ಮಾತ್ರ. ನಡುವೆ ಬಂದ ಬಿರುಗಾಳಿ ಮಳೆ ಅದರ ಕಣ್ಣಿಗೆ ಬೀಳುವುದಿಲ್ಲ.

ಈಗ ನಿಮ್ಮ ಶೇ. 140 ಮತ್ತು ಶೇ. 80. ಎರಡೂ ನಿಜ ಇರಬಹುದು. ಮಳೆ ಎಲ್ಲಿಯವರೆಗೆ, ಹಿಮ ಎಲ್ಲಿಂದ ಅನ್ನುವ ಗೆರೆ ಆ ಎರಡು ಸ್ಟೇಷನ್‌ಗಳ ನಡುವೆ ಹಾದು ಹೋಗಿದ್ದರೆ ಸಾಕು. ಸಾವಿರ ಅಡಿ ಎತ್ತರದ ವ್ಯತ್ಯಾಸಕ್ಕೆ ಒಂದು ಕಡೆ ಹಿಮ ಕೂತಿರುತ್ತದೆ, ಇನ್ನೊಂದು ಕಡೆ ನೀರಾಗಿ ಹರಿದಿರುತ್ತದೆ. ಗಾಳಿ ಒಂದು ದಿಬ್ಬ ಬೋಳಿಸಿ ಪಕ್ಕದ ತಗ್ಗಿಗೆ ಸುರಿಯುತ್ತದೆ. ಸುತ್ತಲಿನ ಮರಗಳು ಮೂವತ್ತು ವರ್ಷದಲ್ಲಿ ದಟ್ಟವಾಗಿ ಬೆಳೆದಿದ್ದರೆ, ಅಥವಾ ಕಾಡ್ಗಿಚ್ಚಿಗೆ ಸುಟ್ಟು ಹೋಗಿದ್ದರೆ, ಆ ಸ್ಟೇಷನ್ ಅದೇ ಜಾಗದಲ್ಲಿದ್ದರೂ ಅಳೆಯುತ್ತಿರುವ ಹಿಮ ಹಳೆಯ ಹಾಗಲ್ಲ.

ಶೇಕಡಾವಾರು ಅಂಕಿಯಲ್ಲೂ ಒಂದು ಮೋಸ ಇದೆ, ಅದನ್ನು ನೋಡಿಕೊಳ್ಳಿ. ನವೆಂಬರ್ ಕೊನೆಗೆ ಒಂದು ಕಡೆ ಮಾಮೂಲಿ 2 ಇಂಚು ನೀರು ಇರುತ್ತದೆ ಅಂದುಕೊಳ್ಳಿ. ಈ ಸಲ 4 ಇಂಚು ಇದ್ದರೆ ‘ಶೇ. 200’ ಅಂತ ಸುದ್ದಿಯಾಗುತ್ತದೆ. ವರ್ಷಕ್ಕೆ ಬೇಕಾದ್ದು 30 ಇಂಚು ಆಗಿದ್ದರೆ ನಿಮ್ಮ ಹತ್ತಿರ ಇರುವುದು ಏಳನೇ ಒಂದು ಪಾಲೂ ಅಲ್ಲ. ‘ಇವತ್ತಿನ ದಿನದ ಸರಾಸರಿಗೆ ಎಷ್ಟು’ ಅನ್ನುವ ಕಾಲಂ ಪಕ್ಕದಲ್ಲೇ ‘ಏಪ್ರಿಲ್ 1ರ ಸರಾಸರಿಗೆ ಎಷ್ಟು’ ಅಂತ ಇನ್ನೊಂದು ಇರುತ್ತದೆ. ರೈತರು ನೋಡಬೇಕಾದ್ದು ಎರಡನೆಯದು. ಸಿಯೆರಾದಲ್ಲಿ ಹಿಮ ತುತ್ತತುದಿ ಮುಟ್ಟುವುದು ಸುಮಾರಾಗಿ ಆ ಹೊತ್ತಿಗೆ. 2015ರ ಏಪ್ರಿಲ್ 1ರಂದು ಇಡೀ ರಾಜ್ಯದ ಹಿಮ ಸರಾಸರಿಯ ಶೇ. 5 ಮಾತ್ರ ಇತ್ತು. ಆಗಿನ ಗವರ್ನರ್ ಜೆರ್ರಿ ಬ್ರೌನ್, ಕೈಯಿಂದ ಹಿಮ ಅಳೆಯುವ ಫಿಲಿಪ್ಸ್ ಸ್ಟೇಷನ್ ಅನ್ನುವ ಜಾಗದ ಬರಿ ಹುಲ್ಲಿನ ಮೇಲೆ ನಿಂತು ನೀರಿನ ಕಡಿತ ಘೋಷಿಸಿದರು. 2023ರ ಏಪ್ರಿಲ್‌ನಲ್ಲಿ ಅದೇ ಅಂಕಿ ಶೇ. 237. ಒಂದೇ ಬೆಟ್ಟಸಾಲು, ಎಂಟು ವರ್ಷದ ಅಂತರ!

ಇನ್ನು ಒಂದು ಜಾಗದ ಅಂಕಿಯನ್ನು ಇಡೀ ಬೆಟ್ಟಕ್ಕೆ ಎಳೆಯುವ ತೊಂದರೆಗೆ ಬರುತ್ತೇನೆ. ನಿಮ್ಮ ಮನೆಯ ನಲ್ಲಿಗೂ ಮೊಡೆಸ್ಟೊ ತೋಟಕ್ಕೂ ಬಹುಪಾಲು ನೀರು ಬರುವುದು ಒಂದೇ ನದಿಯಿಂದ, ತುವಾಲಮಿ. ಮೇಲ್ಗಡೆ ಹೆಚ್ ಹೆಚ್ಚಿ ಜಲಾಶಯ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಹೇವರ್ಡ್ ಕಡೆಗೆ ಕೊಡುತ್ತದೆ. ಕೆಳಗಡೆ ಡಾನ್ ಪೆಡ್ರೊ ಜಲಾಶಯ ನಿಮ್ಮ ನೀರಾವರಿ ಜಿಲ್ಲೆಗೆ, ಅಂದರೆ ರೈತರಿಗೆ ನೀರು ಹಂಚುವ ಸ್ಥಳೀಯ ಸಂಸ್ಥೆಗೆ. ನಿಮಗೆ ಗೊತ್ತಿರುವ ಲೆಕ್ಕದಲ್ಲೇ ಹೇಳುವುದಾದರೆ ಕೆಆರ್‌ಎಸ್ 49 ಟಿಎಂಸಿ ಚಿಲ್ಲರೆ, ಡಾನ್ ಪೆಡ್ರೊ ಸುಮಾರು 88 ಟಿಎಂಸಿ. ಹೆಚ್ ಹೆಚ್ಚಿಯ ಮೇಲಿರುವ ಬೆಟ್ಟದ ಪ್ರದೇಶ ಸುಮಾರು 1,180 ಚದರ ಕಿ.ಮೀ. ಅಷ್ಟೂ ಜಾಗದ ಮೇಲೆ ಒಂದು ಇಂಚು ನೀರು ಅಂದರೆ ಒಂದು ಟಿಎಂಸಿಗೆ ಸ್ವಲ್ಪ ಜಾಸ್ತಿ. ಅಂದರೆ ನಮ್ಮ ಸರಾಸರಿ ಐದು ಇಂಚು ತಪ್ಪಿದರೆ ಐದು ಟಿಎಂಸಿ ತಪ್ಪು. ಅಲ್ಲಿರುವ ದಿಂಬುಗಳು ಬೆರಳೆಣಿಕೆಯಷ್ಟು, ಒಂದೊಂದೂ ಒಂಬತ್ತು ಚದರ ಮೀಟರ್!

ಅವು ಕೂತಿರುವ ಜಾಗವೂ ಒಂದೇ ತರಹದ್ದು. ಸಪಾಟು ನೆಲ, ಗಾಳಿ ಕಡಿಮೆ, ಕಾಡಿನ ನಡುವಿನ ಬಯಲು. ಇರಿಸಲು, ರಿಪೇರಿಗೆ ಅನುಕೂಲ. ತುವಾಲಮಿ ಮೆಡೋಸ್ ಸೆನ್ಸರ್ ಸುಮಾರು 8,600 ಅಡಿಯಲ್ಲಿದೆ, ಡೇನಾ ಮೆಡೋಸ್ 9,800 ಅಡಿಯಲ್ಲಿ. ಬೆಟ್ಟದ ತುದಿ 13,000 ಅಡಿ ಮುಟ್ಟುತ್ತದೆ. ಮೇ ಕೊನೆಗೆ ದಿಂಬು ‘ಸೊನ್ನೆ’ ಅಂದಾಗಲೂ ಮೇಲಿನ ಉತ್ತರ ಮುಖದ ಇಳಿಜಾರುಗಳಲ್ಲಿ ಹಿಮ ರಾಶಿ ಬಿದ್ದಿರುತ್ತದೆ. ದಶಕಗಳ ಕಾಲ ಇದಕ್ಕೆ ಪರಿಹಾರ ಹಳೆಯ ಲೆಕ್ಕ: ಈ ದಿಂಬು ಇಷ್ಟು ತೋರಿಸಿದ ವರ್ಷ ನದಿಯಲ್ಲಿ ಇಷ್ಟು ಬಂದಿತ್ತು, ಹಾಗಾಗಿ ಈ ಸಲವೂ ಸುಮಾರು ಇಷ್ಟು. ಮಾಮೂಲಿ ವರ್ಷಗಳಲ್ಲಿ ಇದು ಪರವಾಗಿಲ್ಲ. ವಿಚಿತ್ರ ವರ್ಷಗಳಲ್ಲಿ ಕೈ ಕೊಡುತ್ತದೆ, ಮತ್ತು ವಿಚಿತ್ರ ವರ್ಷಗಳು ಈಗ ಜಾಸ್ತಿ.

2013ರಲ್ಲಿ ನಾಸಾದ ಜೆಪಿಎಲ್ ಪ್ರಯೋಗಾಲಯದ ತಂಡ ಇದೇ ತುವಾಲಮಿ ಬೆಟ್ಟದ ಮೇಲೆ ಲೇಸರ್ ಹೊತ್ತ ವಿಮಾನ ಹಾರಿಸಲು ಶುರುಮಾಡಿತು. ಬೇಸಿಗೆಯಲ್ಲಿ ಬರಿ ನೆಲದ ಎತ್ತರ ಅಳೆಯುವುದು, ಚಳಿಗಾಲದಲ್ಲಿ ಹಿಮದ ಮೇಲ್ಮೈ ಎತ್ತರ ಅಳೆಯುವುದು, ಕಳೆಯುವುದು. ಇಡೀ ಕಣಿವೆಯ ಆಳದ ನಕ್ಷೆ ಸಿಗುತ್ತದೆ, ಮೂರು ಮೀಟರ್‌ಗೊಂದು ಚೌಕದ ಹಾಗೆ. ಇಲ್ಲಿ ಒಂದು ಜಾಣತನ ಇದೆ. ಹಿಮದ ಆಳ ಹತ್ತು ಹೆಜ್ಜೆಗೆ ಬದಲಾಗುತ್ತದೆ, ಸಾಂದ್ರತೆ ಅಷ್ಟು ಬೇಗ ಬದಲಾಗುವುದಿಲ್ಲ. ಹಾಗಾಗಿ ಆಳವನ್ನು ವಿಮಾನದಿಂದ ತಗೊಂಡು, ಸಾಂದ್ರತೆಯನ್ನು ನೆಲದ ಸೆನ್ಸರ್ ಮತ್ತು ಕಂಪ್ಯೂಟರ್ ಮಾದರಿಯ ಲೆಕ್ಕದಿಂದ ತಗೊಂಡು ಗುಣಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇವತ್ತಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಹಾರಾಟ ದುಬಾರಿ, ಹವೆ ಚೆನ್ನಾಗಿರಬೇಕು, ಋತುವಿಗೆ ಕೆಲವೇ ಸಲ. ಹೊಸ ಹಿಮ ಈಗಷ್ಟೇ ಬಿದ್ದಿದ್ದರೆ ಸಾಂದ್ರತೆಯ ಊಹೆಯೂ ತಪ್ಪುತ್ತದೆ. ದಿಂಬಿನ ಬದಲು ಮಣ್ಣಿನ ಸಹಜ ಗಾಮಾ ಕಿರಣವನ್ನು ಹಿಮ ಎಷ್ಟು ತಡೆಯುತ್ತದೆ ಅಂತ ನೋಡುವ ಸೆನ್ಸರ್‌ಗಳೂ ಬಂದಿವೆ. ಆಂಟಿಫ್ರೀಜ್ ಇಲ್ಲ, ಮಂಜುಗಡ್ಡೆ ಸೇತುವೆಯ ಕಾಟ ಇಲ್ಲ. ಆದರೆ ಹಿಮ ತುಂಬಾ ದಪ್ಪ ಆದರೆ ಕಿರಣವೇ ಮೇಲೆ ಬರುವುದಿಲ್ಲ.

ಉಪಗ್ರಹದ ವಿಷಯ. ಹಿಮ ಎಲ್ಲೆಲ್ಲಿ ಹರಡಿದೆ ಅನ್ನುವುದನ್ನು ಉಪಗ್ರಹ ಚೆನ್ನಾಗಿ ತೋರಿಸುತ್ತದೆ. ಎಷ್ಟು ನೀರು ಅನ್ನುವುದು ಬೇರೆ ಮಾತು. ಹಳೆಯ ಮೈಕ್ರೋವೇವ್ ಸೆನ್ಸರ್‌ಗಳ ಒಂದೊಂದು ಚುಕ್ಕೆಯೂ ಸುಮಾರು 25 ಕಿ.ಮೀ. ಅಗಲ. ಆರು ಇಂಚು ನೀರಿನ ಆಚೆ ಅವಕ್ಕೆ ಹೆಚ್ಚುಕಡಿಮೆ ಏನೂ ಗೊತ್ತಾಗುವುದಿಲ್ಲ. ಹಿಮ ಒದ್ದೆಯಾದರೆ ಪೂರ್ತಿ ಕುರುಡು. ನಿಮ್ಮ ಸ್ಟೇಷನ್ನಿನಲ್ಲಿ ಜನವರಿಗೇ 27 ಇಂಚು ಇತ್ತು! ನನಗೆ ಕುತೂಹಲ ಇರುವುದು ನಿಸಾರ್ ಮೇಲೆ. ನಾಸಾ ಮತ್ತು ಇಸ್ರೊ ಸೇರಿ ಮಾಡಿದ್ದು, ಬೆಂಗಳೂರಿನಲ್ಲಿ ಜೋಡಿಸಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿಸಿದ್ದು. ಅದರ ಎಲ್ ಬ್ಯಾಂಡ್ (ಉದ್ದ ಅಲೆಯ) ರೇಡಾರ್ 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತದೆ. ಎರಡು ಭೇಟಿಗಳ ನಡುವೆ ಒಣ ಹಿಮದಲ್ಲಿ ನೀರು ಎಷ್ಟು ಹೆಚ್ಚಿತು ಅಂತ ರೇಡಾರ್ ಅಲೆಯ ಸಣ್ಣ ವಿಳಂಬದಿಂದ ಲೆಕ್ಕ ಹಾಕಬಹುದು. ಒಣ ಹಿಮ ಅಂದೆ, ಗಮನಿಸಿ. ಸಿಯೆರಾದಲ್ಲಿ ಮಾರ್ಚ್ ದಾಟಿದರೆ ಅದು ಸಿಗುವುದು ಕಷ್ಟ.

ಇಷ್ಟೆಲ್ಲ ಸರಿಯಾಗಿ ಅಳೆದರೂ ನೀರು ಜಲಾಶಯಕ್ಕೆ ಬರುತ್ತದೆ ಅಂತ ಗ್ಯಾರಂಟಿ ಇಲ್ಲ. 2021 ನೋಡಿ. ಏಪ್ರಿಲ್ 1ಕ್ಕೆ ಹಿಮ ಸರಾಸರಿಯ ಶೇ. 59ರಷ್ಟು ಇತ್ತು. ಕೆಟ್ಟ ವರ್ಷ, ಆದರೆ ತೀರಾ ಕೆಟ್ಟದ್ದಲ್ಲ ಅಂತ ಎಲ್ಲರೂ ಅಂದುಕೊಂಡರು. ಮೇ ಮುಗಿಯುವಷ್ಟರಲ್ಲಿ ಹಿಮ ಖಾಲಿ, ನದಿಗೆ ಬಂದ ನೀರು ಮುನ್ಸೂಚನೆಗಿಂತ ಬಹಳ ಕಡಿಮೆ. ಹಿಂದಿನ ವರ್ಷವೂ ಒಣ ವರ್ಷವಾಗಿತ್ತು, ಮಣ್ಣು ಬಾಯಾರಿ ಕೂತಿತ್ತು. ಕರಗಿದ ನೀರನ್ನು ಮೊದಲು ಅದು ಕುಡಿಯಿತು. ಬಿಸಿಲು, ಒಣಗಾಳಿ ಇನ್ನೊಂದಷ್ಟು ಹಿಮವನ್ನು ನೇರ ಆವಿ ಮಾಡಿಕೊಂಡು ಹೋದವು. ದಿಂಬುಗಳು ಆ ವರ್ಷ ಸುಳ್ಳು ಹೇಳಿರಲಿಲ್ಲ. ಹಾಗಾಗಿ ಸೆನ್ಸರ್ ಪುಟದಲ್ಲಿ ಮಣ್ಣಿನ ತೇವದ ಕಾಲಂ ಇರುವ ಸ್ಟೇಷನ್ ಸಿಕ್ಕರೆ, ಹಿಮ ಬೀಳುವ ಮುಂಚೆ ನವೆಂಬರ್‌ನಲ್ಲಿ ಅದು ಹೇಗಿತ್ತು ಅಂತ ಒಮ್ಮೆ ನೋಡಿ.

ಈಗ ಟೊಮೆಟೊ. ನಿಮಗೆ ಮೂರು ದಾರಿ ಕಾಣುತ್ತವೆ. ಫೆಬ್ರವರಿಯಲ್ಲೇ ಸೆನ್ಸರ್ ಅಂಕಿ ನಂಬಿ ಸಸಿಗೆ ಮುಂಗಡ ಕೊಡುವುದು. ಆಗ ಋತುವಿನ ಎರಡು ತಿಂಗಳು ಇನ್ನೂ ಬಾಕಿ, ಫೆಬ್ರವರಿ ಮಾರ್ಚ್ ಒಣಗಿಹೋದ ವರ್ಷಗಳು ಬೇಕಾದಷ್ಟಿವೆ. ನಾನಾದರೆ ಮಾಡುವುದಿಲ್ಲ. ಎರಡು, ನದಿಗಳಿಗೆ ಎಷ್ಟು ನೀರು ಬರಬಹುದು ಅಂತ ರಾಜ್ಯ ಕೊಡುವ ಮುನ್ಸೂಚನೆ ‘ಬುಲೆಟಿನ್ 120’ಕ್ಕೆ ಕಾಯುವುದು. ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೊಂದು, ಸಾಮಾನ್ಯವಾಗಿ ಎರಡನೇ ವಾರದಲ್ಲಿ ಬರುತ್ತದೆ. ತುವಾಲಮಿ ಸಾಲಿನಲ್ಲಿ ಮಧ್ಯದ ಅಂದಾಜಿನ ಜೊತೆ ಮೇಲಿನ ಕೆಳಗಿನ ಮಿತಿಯನ್ನೂ ಕೊಡುತ್ತಾರೆ. ಎಲ್ಲರೂ ಮಧ್ಯದ ಅಂಕಿ ಓದುತ್ತಾರೆ. ನೀವು ಕೆಳಗಿನದ್ದು ಓದಿ. ಅಷ್ಟೇ ಬಂದರೂ ಬಾದಾಮಿ ಮರಗಳಿಗೆ ಸಾಲುತ್ತಾ, ಮಿಕ್ಕುತ್ತಾ ಅಂತ ನೋಡಿ. ಟೊಮೆಟೊ ಒಂದು ವರ್ಷ ಬಿಡಬಹುದು, ಬಾದಾಮಿ ಮರ ಒಣಗಿಸಿದರೆ ವರ್ಷಗಟ್ಟಲೆ ಹೊಡೆತ. ಮೂರನೆಯದು, ಕಾಲುವೆ ನೀರು ಸಾಲದಿದ್ದರೆ ಬೋರ್‌ವೆಲ್ ಇದೆಯಲ್ಲ ಅನ್ನುವ ಧೈರ್ಯ. 2014ರ ಅಂತರ್ಜಲ ಕಾಯ್ದೆ ಬಂದ ಮೇಲೆ ಆ ಧೈರ್ಯ ಮೊದಲಿನಷ್ಟು ಅಗ್ಗ ಅಲ್ಲ. ನಿಮ್ಮ ಜಾಗದಲ್ಲಿ ಪಂಪ್ ಮಾಡಲು ಏನು ಮಿತಿ ಇದೆ ಅಂತ ಮೊದಲು ವಿಚಾರಿಸಿ.

ಇದೆಲ್ಲಕ್ಕೂ ಮುಂಚೆ ನಿಮ್ಮ ನೀರಾವರಿ ಜಿಲ್ಲೆಯ ಕಚೇರಿಗೆ ಒಂದು ಫೋನ್ ಮಾಡಿ. ಡಾನ್ ಪೆಡ್ರೊದಲ್ಲಿ ಹೋದ ವರ್ಷದ ನೀರು ಎಷ್ಟು ಉಳಿದಿದೆ, ಈ ವರ್ಷದ ಎಕರೆವಾರು ಹಂಚಿಕೆ ಬೋರ್ಡ್ ಯಾವಾಗ ನಿಗದಿ ಮಾಡುತ್ತದೆ, ಎರಡು ಪ್ರಶ್ನೆ ಕೇಳಿ. ಜಲಾಶಯ ಮೊದಲೇ ಮುಕ್ಕಾಲು ತುಂಬಿದ್ದರೆ ಹಿಮ ಸ್ವಲ್ಪ ಕಡಿಮೆ ಬಿದ್ದರೂ ನಡೆಯುತ್ತದೆ. ಅರ್ಧಕ್ಕಿಂತ ಕೆಳಗಿದ್ದರೆ ಇಪ್ಪತ್ತರ ಬದಲು ಎಂಟು ಎಕರೆಗೆ ಸಸಿ ಹೇಳಿ, ಉಳಿದದ್ದನ್ನು ಏಪ್ರಿಲ್ ಬುಲೆಟಿನ್ ನೋಡಿ ತೀರ್ಮಾನಿಸಿ. ತಡವಾಗಿ ಕೇಳಿದರೆ ಸಸಿ ಸಿಗುವುದು ಕಷ್ಟ ಆಗಬಹುದು, ಹಾಗಾಗಿ ನರ್ಸರಿಯವರನ್ನೂ ಈಗಲೇ ಕೇಳಿಟ್ಟುಕೊಳ್ಳಿ.